ಕಾಫಿ ತೋಟದ ಯೂನಿಯನ್ನು ಮತ್ತು ನಾಲ್ಕು ಬಾವುಟಗಳು

ಕಾಫಿ ಬಗ್ಗೆ ಬರೆಯೋರಿಗೆ ಬರವಿಲ್ಲ. ಬಾಬಾ ಬುಡನ್ ಏಳು ಬೀಜ ತಂದ ಕತೆಯಿಂದ ಹಿಡಿದು ಮೊನ್ನೆ ಮೊನ್ನೆ ಶುರುವಾದ ಹೋಂಸ್ಟೇ ತನಕ ಎಲ್ಲವೂ ಸಿಗುತ್ತೆ. ಆದರೆ ಕಾಫಿ ಕುಯ್ಯೋರ ಸಂಘಗಳ ಬಗ್ಗೆ ಕನ್ನಡದಲ್ಲಿ ಓದಲು ಸಿಗೋದು ಬಹಳ ಕಡಿಮೆ. ಹಾಗಾಗಿ ನಾನು ಓದಿದ್ದು, ಮನೇಲಿ ಕೇಳಿದ್ದು ಎರಡನ್ನೂ ಸೇರಿಸಿ ಒಂದು ಕಡೆ ಬರೆದಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡಿಕೊಂಡು ಕೂತ್ಕೊಳ್ಳಿ :-)

ನಮ್ಮೂರು ಆಲ್ದೂರು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು. ಸುತ್ತ ಎಲ್ಲಿ ನೋಡಿದರೂ ತೋಟ. ನಮ್ಮಪ್ಪ ಒಂದು ತೋಟದಲ್ಲಿ ರೈಟರು. ರೈಟರು ಅಂದ್ರೆ ಸಾಹಿತಿ ಅಂದ್ಕೋಬೇಡಿ! ಚೆಕ್‌ರೋಲ್ ಬರೆಯೋರು. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರು ಚಿಗುರು ತೆಗೆದರು, ಯಾರು ಮರಗಸಿಗೆ ಹೋದರು, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅನ್ನೋ ಲೆಕ್ಕ ಇಡೋರು. ಸಾಹುಕಾರರ ಕಣ್ಣಿಗೆ ಅವರು ನೌಕರ, ಲೈನ್ ಮನೆಯವರ ಕಣ್ಣಿಗೆ ಸಾಹುಕಾರರ ಕಡೆಯವರು. ಈ 'ಅತ್ತಲೂ ಅಲ್ಲ ಇತ್ತಲೂ ಅಲ್ಲ' ಅನ್ನೋ ಸ್ಥಿತಿಯ ವಿಷಯ ಆಮೇಲೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಚಿಕ್ಕಂದಿನಿಂದ ನನಗಿದ್ದ ಪ್ರಶ್ನೆ ಇಷ್ಟೇ. ಸಾಹುಕಾರರಿಗೆ ಒಂದು ಸಂಘ ಸಾಕಾದರೆ ಕೆಲಸದವರಿಗೆ ಯಾಕೆ ನಾಲ್ಕು? ಎರಡು ಕೆಂಪು ಬಾವುಟ, ಒಂದು ತ್ರಿವರ್ಣ, ಒಂದು ಕೇಸರಿ. ಎರಡು ಕೆಂಪಿನಲ್ಲಿ ಯಾವುದು ಯಾರದ್ದು ಅಂತ ಹೇಳೋಕೆ ಹತ್ತಿರ ಹೋಗಿ ಅಕ್ಷರ ಓದಬೇಕು. ಅದನ್ನು ಹಿಡಿದು ನಿಂತವರಲ್ಲಿ ಬಹಳ ಜನಕ್ಕೆ ಓದೋಕೆ ಬರ್ತಿರಲಿಲ್ಲ.

ಮೊದಲು ಸಂಘಗಳೇ ಇಲ್ಲದ ಕಾಲ ನೋಡೋಣ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ದೊರೆಗಳು ಮಲೆನಾಡಿನಲ್ಲಿ ತೋಟ ಮಾಡಿದಾಗ ಅವರಿಗೆ ಬೇಕಾದ್ದು ಭೂಮಿಗಿಂತ ಹೆಚ್ಚಾಗಿ ಆಳು. ಆಳು ತರೋನು ಮೇಸ್ತ್ರಿ. ಘಟ್ಟದ ಕೆಳಗಿನ ತುಳುನಾಡಿನಿಂದ, ಬಯಲುಸೀಮೆಯಿಂದ, ತಮಿಳು ಸೀಮೆಯಿಂದ ಮುಂಗಡ ಕೊಟ್ಟು ಕರ್ಕೊಂಡು ಬರ್ತಿದ್ದ. ಆ ಮುಂಗಡವೇ ಸರಪಳಿ. 1859ರ ಹದಿಮೂರನೇ ಕಾಯಿದೆ ಅಂತ ಒಂದಿತ್ತು. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು. ದುಡ್ಡು ವಾಪಸ್ ಕೊಡಬೇಕು, ಇಲ್ಲಾ ಕೆಲಸ ಮುಗಿಸಿಕೊಡಬೇಕು, ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಕರಾರು ಮುರಿದರೆ ಸಿವಿಲ್ ದಾವೆ ಹಾಕೋದು ಸಾಮಾನ್ಯ ಪದ್ಧತಿ. ಕೂಲಿಯವನಿಗೆ ಮಾತ್ರ ಅದು ಅಪರಾಧ! ಈ ಕಾಯಿದೆ ರದ್ದಾಗಿದ್ದು 1920ರ ದಶಕದ ಮಧ್ಯದಲ್ಲಿ.

ಅಷ್ಟರಲ್ಲಿ ತೋಟದ ಮಾಲೀಕರು ಒಗ್ಗಟ್ಟಾಗಿ ಮೂವತ್ತು ವರ್ಷ ಆಗಿತ್ತು. ದಕ್ಷಿಣ ಭಾರತದ ಪ್ಲಾಂಟರ್‌ಗಳ ಒಕ್ಕೂಟ ಉಪಾಸಿ ಹುಟ್ಟಿದ್ದು 1893ರಲ್ಲಿ. ಕಾಫಿ, ಟೀ, ರಬ್ಬರ್ ಎಲ್ಲರಿಗೂ ಸೇರಿ ಒಂದೇ ಛಾವಣಿ. ಪ್ಲಾಂಟರ್‌ಗಳಲ್ಲೂ ಕಾಂಗ್ರೆಸ್ಸಿನವರು, ಜನತಾದವರು, ಬಿಜೆಪಿಯವರು ಎಲ್ಲಾ ಇದ್ದಾರೆ. ಆದರೆ ಕೂಲಿ ದರದ ಮಾತುಕತೆಗೆ ಕೂತಾಗ ಅವರು ಪ್ಲಾಂಟರ್‌ಗಳು ಮಾತ್ರ.

ಕಾರ್ಮಿಕರ ಕಡೆ ಮೊದಲ ಅಖಿಲ ಭಾರತ ಒಕ್ಕೂಟ ಎಐಟಿಯುಸಿ. 1920ರ ಅಕ್ಟೋಬರ್ 31, ಮುಂಬೈ. ಮೊದಲ ಅಧ್ಯಕ್ಷರು ಲಾಲಾ ಲಜಪತ್ ರಾಯ್. ಹುಟ್ಟಿಗೆ ಒಂದು ಕಾರಣ ಸ್ವಾರಸ್ಯವಾಗಿದೆ. ಅದರ ಹಿಂದಿನ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಶುರುವಾಗಿತ್ತು, ಅಲ್ಲಿಗೆ ಭಾರತದ ಕಾರ್ಮಿಕರ ಪ್ರತಿನಿಧಿ ಹೋಗಬೇಕಿತ್ತು. ಕಳಿಸೋಕೆ ಒಂದು ಸಂಘ ಬೇಕಲ್ಲ! ಕಾಂಗ್ರೆಸ್ಸಿನವರು, ಸಮಾಜವಾದಿಗಳು, ಕಮ್ಯುನಿಸ್ಟರು ಎಲ್ಲಾ ಒಂದೇ ಚಾಪೆ ಮೇಲೆ ಕೂತಿದ್ದ ಕಾಲ ಅದು. 1929ರಲ್ಲಿ ನಾಗಪುರದಲ್ಲಿ ಒಮ್ಮೆ ಒಡೆಯಿತು, ಆಮೇಲೆ ಮತ್ತೆ ಕೂಡಿತು. ಎರಡನೇ ಮಹಾಯುದ್ಧದಲ್ಲಿ ಮಾತ್ರ ಬಿರುಕು ಆಳವಾಯಿತು. 1942ರಲ್ಲಿ ಕಾಂಗ್ರೆಸ್ ನಾಯಕರು ಜೈಲಿನಲ್ಲಿದ್ದರು. ಸೋವಿಯತ್ ರಷ್ಯಾ ಯುದ್ಧಕ್ಕೆ ಬಂದಿದ್ದರಿಂದ ಕಮ್ಯುನಿಸ್ಟರು ಯುದ್ಧವನ್ನು ಬೆಂಬಲಿಸಿದರು, ಸಂಘದ ಹಿಡಿತ ಅವರ ಕೈಗೆ ಬಂತು. ಜೈಲಿಂದ ಹೊರಬಂದ ಕಾಂಗ್ರೆಸ್ಸಿನವರು ತಮ್ಮದೇ ಬೇರೆ ಒಕ್ಕೂಟ ಮಾಡಿದರು. ಅದೇ ಇಂಟಕ್, 1947ರ ಮೇ 3. ಮುಂದಿನ ವರ್ಷ ಸಮಾಜವಾದಿಗಳ ಎಚ್‌ಎಂಎಸ್. 1955ರ ಜುಲೈ 23ರಂದು ಭೋಪಾಲದಲ್ಲಿ ದತ್ತೋಪಂತ ಠೇಂಗಡಿಯವರ ಬಿಎಂಎಸ್. 1964ರಲ್ಲಿ ಕಮ್ಯುನಿಸ್ಟ್ ಪಕ್ಷವೇ ಎರಡಾಯಿತು. ಆರು ವರ್ಷ ಎಳೆದಾಡಿ 1970ರಲ್ಲಿ ಕಲ್ಕತ್ತೆಯಲ್ಲಿ ಸಿಐಟಿಯು ಬೇರೆಯಾಯಿತು.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಒಂದು ಪ್ರಾಜೆಕ್ಟು, ನಾಲ್ಕು ಫೋರ್ಕು. ಪ್ರತಿ ಫೋರ್ಕಿಗೂ ಕಾರಣ ಮಾಸ್ಕೋದಲ್ಲೋ, ದಿಲ್ಲಿಯಲ್ಲೋ, ಕಲ್ಕತ್ತೆಯಲ್ಲೋ ಇತ್ತು. ಆಲ್ದೂರಿನ ಲೈನ್ ಮನೆಯ ಸೋರುವ ಹೆಂಚಿನಲ್ಲಿ ಯಾವ ಕಾರಣವೂ ಇರಲಿಲ್ಲ. ಫೋರ್ಕ್ ಮಾಡೋದು ಕಾನೂನಿನಲ್ಲೂ ಸುಲಭವಾಗಿತ್ತು. 1926ರ ಟ್ರೇಡ್ ಯೂನಿಯನ್ ಕಾಯಿದೆಯಲ್ಲಿ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದಿತ್ತು. ಅದಕ್ಕೆ ಹತ್ತು ಶೇಕಡಾ ಅಥವಾ ನೂರು ಜನರ ಬೆಂಬಲ ಬೇಕು ಅಂತ ತಿದ್ದುಪಡಿ ಆಗಿದ್ದು 2001ರಲ್ಲಿ. ತಮಾಷೆ ಅಂದ್ರೆ ನೋಂದಣಿ ಆಯ್ತು, ಆದರೆ ಆ ಸಂಘವನ್ನು ಮಾಲೀಕ ಮಾನ್ಯ ಮಾಡಲೇಬೇಕು ಅನ್ನೋ ನಿಯಮ ಇರಲಿಲ್ಲ. 1947ರಲ್ಲಿ ಮಾನ್ಯತೆಗಾಗಿ ಒಂದು ತಿದ್ದುಪಡಿ ಪಾಸಾಯ್ತು, ಜಾರಿಗೆ ಮಾತ್ರ ಬರಲೇ ಇಲ್ಲ.

ಇಷ್ಟು ಓದಿದರೆ 'ಪಕ್ಷಗಳಿಂದಲೇ ಯೂನಿಯನ್ ಹಾಳಾಯ್ತು' ಅಂತ ಷರಾ ಬರೆದುಬಿಡಬಹುದು. ನಾನೂ ಕಾಲೇಜಿನಲ್ಲಿ ಹಾಗೇ ವಾದ ಮಾಡ್ತಿದ್ದೆ. ಆದರೆ ಇನ್ನೊಂದು ಮಗ್ಗುಲು ಇದೆ.

ತೋಟ ಅನ್ನೋದು ಕಾರ್ಖಾನೆ ಥರ ಅಲ್ಲ. ಕಾರ್ಖಾನೆ ಗೇಟಿನ ಹೊರಗೆ ರಸ್ತೆ ಇರುತ್ತೆ, ಅಲ್ಲಿ ನಿಂತು ಭಾಷಣ ಮಾಡಬಹುದು. ತೋಟದ ಗೇಟು ದಾಟಿದರೆ ರಸ್ತೆ, ಮನೆ, ನೀರು, ಸೌದೆ ಎಲ್ಲಾ ಮಾಲೀಕರದ್ದೇ. ಕೆಲಸ ಹೋದರೆ ಮನೆಯೂ ಹೋಗುತ್ತೆ. ಅಂಥಾ ಕಡೆ ಓದು ಬರಹ ಬಾರದ ಹೆಣ್ಣಾಳುಗಳು ತಾವೇ ಅರ್ಜಿ ಬರೆದು, ಚಿಕ್ಕಮಗಳೂರಿನ ಲೇಬರ್ ಆಫೀಸಿಗೆ ಹೋಗಿ, ಕೋರ್ಟು ಹತ್ತಿ ಗೆಲ್ಲೋದು ಸಾಧ್ಯವಿತ್ತಾ? ಹೊರಗಿನವರು ಬೇಕಿತ್ತು. ಆ ಹೊರಗಿನವರು ಬಂದಿದ್ದು ಪಕ್ಷದಿಂದ. ಘಟ್ಟದ ಕೆಳಗೆ ಮಂಗಳೂರಿನ ಹೆಂಚು, ಬೀಡಿ ಕಾರ್ಮಿಕರ ನಡುವೆ ಸ್ವಾತಂತ್ರ್ಯಕ್ಕೆ ಮುಂಚೆಯೇ ಕೆಂಪು ಬಾವುಟದ ಸಂಘಗಳಿದ್ದವು. ಘಟ್ಟದ ಮೇಲೂ ಎಐಟಿಯುಸಿ ತೋಟ ಕಾರ್ಮಿಕರ ನಡುವೆ ಬೇರು ಬಿಟ್ಟಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಿಪಿಐನ ಬಿ.ಕೆ. ಸುಂದರೇಶ್ ಅವರ ಹೆಸರನ್ನು ಹಳಬರು ಇವತ್ತಿಗೂ ಹೇಳುತ್ತಾರೆ. ಇಂಟಕ್ಕಿಗೆ ಇದ್ದ ಬಲ ಬೇರೆ ಥರದ್ದು. ಅವರದೇ ಪಕ್ಷದ ಸರ್ಕಾರ, ಹಾಗಾಗಿ ಮಂತ್ರಿಗಳ ತನಕ ದಾರಿ.

ಈ ಎರಡೂ ಥರದ ಒತ್ತಡದ ಕಾಲದಲ್ಲೇ ಬಂದಿದ್ದು 1951ರ ಪ್ಲಾಂಟೇಶನ್ ಲೇಬರ್ ಕಾಯಿದೆ. ಜಾರಿಗೆ ಬಂದಿದ್ದು 1954ರಲ್ಲಿ. ಇದನ್ನು ಒಮ್ಮೆ ಓದಿ ನೋಡಿ, ಒಣ ಕಾನೂನು ಅನ್ನಿಸಲ್ಲ. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಶಿಶುವಿಹಾರ. ನೂರೈವತ್ತು ಜನಕ್ಕೆ ಕ್ಯಾಂಟೀನು. ಆಸ್ಪತ್ರೆ, ಮನೆ, ಮಕ್ಕಳಿಗೆ ಶಾಲೆ. ನನಗೆ ತುಂಬಾ ಇಷ್ಟವಾದದ್ದು ಹದಿನೇಳನೇ ಕಲಮು. ಮಳೆ, ಚಳಿಯಿಂದ ರಕ್ಷಣೆಗೆ ಛತ್ರಿ, ಕಂಬಳಿ, ರೈನ್‌ಕೋಟು ಕೊಡಬೇಕು ಅಂತ ಸರ್ಕಾರ ನಿಯಮ ಮಾಡಬಹುದು ಅನ್ನುತ್ತೆ. ಆಷಾಢದಲ್ಲಿ ಆಲ್ದೂರಿನ ಮಳೆಗೆ ಮೈಯೊಡ್ಡಿ ಕಳೆ ಕಿತ್ತವರಿಗೆ ಮಾತ್ರ ಈ ಕಲಮಿನ ಬೆಲೆ ಗೊತ್ತು.

ಕಾನೂನು ಬಂದ ಮಾತ್ರಕ್ಕೆ ಕಂಬಳಿ ಬರಲ್ಲ, ಅದೂ ನಿಜ. ಅದನ್ನು ಕೇಳಿ ತರಿಸೋದೇ ಸಂಘದ ದಿನನಿತ್ಯದ ಕೆಲಸವಾಗಿತ್ತು. ನಾವು ಯೂನಿಯನ್ ಅಂದ ಕೂಡಲೇ ಸ್ಟ್ರೈಕು, ಘೋಷಣೆ ಅಂದ್ಕೋತೀವಿ. ಅಪ್ಪ ಹೇಳೋ ಪ್ರಕಾರ ನಿಜವಾದ ಕೆಲಸ ಬಹಳ ಸಪ್ಪೆ. ಚೆಕ್‌ರೋಲಿನಲ್ಲಿ ಎರಡು ದಿನ ಬಿಟ್ಟು ಹೋಗಿದೆ, ಸೇರಿಸಿ. ಪಿಎಫ್ ಹೆಸರಿನಲ್ಲಿ ಅಕ್ಷರ ತಪ್ಪಿದೆ, ತಿದ್ದಿಸಿ. ಗ್ರಾಚ್ಯುಟಿ ಲೆಕ್ಕ ಕೊಡಿ. 1972ರ ಗ್ರಾಚ್ಯುಟಿ ಕಾಯಿದೆಯಲ್ಲಿ ತೋಟಗಳ ಹೆಸರನ್ನು ಸ್ಪಷ್ಟವಾಗಿಯೇ ಬರೆದಿದೆ. ಐದು ವರ್ಷ ಮೇಲೆ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ. ಅದಕ್ಕೆ ಬೇಕಾದ ಸಾಕ್ಷಿ ಅದೇ ಚೆಕ್‌ರೋಲು. "ನಾನು ಬರೆದ ಲೆಕ್ಕದ ಮೇಲೇ ನನ್ನ ಸಾಹುಕಾರರ ವಿರುದ್ಧ ಕೇಸು ನಡೀತಿತ್ತು" ಅಂತ ಅಪ್ಪ ನಗ್ತಾರೆ.

ಪಕ್ಷದ ನಂಟಿನಿಂದ ಒಳ್ಳೇದಾದದ್ದಕ್ಕೆ ಇನ್ನೊಂದು ಉದಾಹರಣೆ, ಇದೂ ಕಾಫಿಯದ್ದೇ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ನೌಕರರಿಗೆ 'ನೀವೇ ಸಹಕಾರ ಸಂಘ ಮಾಡಿ ನಡೆಸಿ' ಅಂದರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಎಂ.ಜಿ. ರೋಡಿನಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತಲ್ಲ, ಆ ಕಾಫಿ ಹೌಸ್ ಈ ಪರಂಪರೆಯದ್ದು. ಮುಂದಿನ ಸಲ ಅಲ್ಲಿ ಪೇಟ ಕಟ್ಟಿದ ಬೇರರ್ ಕಾಫಿ ತಂದಿಟ್ಟಾಗ ನೆನಪು ಮಾಡ್ಕೊಳ್ಳಿ.

ಇನ್ನು ಪಕ್ಷದ ನಂಟಿನ ಬೆಲೆ ಎಷ್ಟು ಅಂತ ನೋಡಬೇಕಾದರೆ 1975ಕ್ಕೆ ಬರಬೇಕು. ತುರ್ತು ಪರಿಸ್ಥಿತಿ ಬಂದು ಮೂರು ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಸುಗ್ರೀವಾಜ್ಞೆ ಮೂಲಕ ಕನಿಷ್ಠ ಬೋನಸ್ಸನ್ನು ಶೇಕಡಾ 8.33ರಿಂದ 4ಕ್ಕೆ ಇಳಿಸಿದರು. ಈಗ ಆ ಸಂಘಗಳ ಪಾಡು ನೋಡಿ. ಇಂಟಕ್ಕಿಗೆ ತನ್ನದೇ ಪಕ್ಷದ ಸರ್ಕಾರ. ಎಐಟಿಯುಸಿಯ ಬೆನ್ನಿಗಿದ್ದ ಸಿಪಿಐ ತುರ್ತು ಪರಿಸ್ಥಿತಿಯನ್ನೇ ಬೆಂಬಲಿಸಿತ್ತು, ಹಾಗಾಗಿ ಸಂಘದವರು ಬೋನಸ್ ಕಡಿತವನ್ನು ಬೈಯಬೇಕು, ಆದರೆ ಸರ್ಕಾರವನ್ನು ಪೂರ್ತಿ ಬೈಯುವ ಹಾಗಿಲ್ಲ. ಸರ್ಕಾರವನ್ನು ವಿರೋಧಿಸುತ್ತಿದ್ದ ಸಿಐಟಿಯು, ಬಿಎಂಎಸ್‌ನವರಲ್ಲಿ ಅನೇಕರು ಜೈಲಿನಲ್ಲಿ. ಬೋನಸ್ ಕಳಕೊಂಡವರ ಪರವಾಗಿ ಪೂರ್ತಿ ಬಾಯಿಬಿಟ್ಟು ಮಾತಾಡಬಲ್ಲವರು ಹೊರಗೆ ಕಮ್ಮಿ ಇದ್ದರು. 8.33 ವಾಪಸ್ ಬಂದಿದ್ದು 1977ರಲ್ಲಿ ಸರ್ಕಾರ ಬದಲಾದ ಮೇಲೆ.

ಮರುವರ್ಷ ಇಡೀ ದೇಶ ನಮ್ಮ ಜಿಲ್ಲೆ ಕಡೆ ನೋಡಿತು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿನಲ್ಲಿ 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಿಂತರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಪಾಟೀಲರ ಪರ ಊರೂರು ಸುತ್ತಿದ್ದು 1974ರ ರೈಲ್ವೆ ಮುಷ್ಕರದ ನಾಯಕ, ಆಗ ಕೇಂದ್ರ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ನಮ್ಮೂರ ಹಿರಿಯರು ಈ ಚುನಾವಣೆ ಬಗ್ಗೆ ಗಂಟೆಗಟ್ಟಲೆ ಹೇಳ್ತಾರೆ. ನನಗೆ ಕುತೂಹಲ ಅನ್ನಿಸೋದು ಇದು. ಬೋನಸ್ ಇಳಿಸಿದ ಪ್ರಧಾನಿ ಒಂದು ಕಡೆ, ದೇಶದ ಅತಿ ದೊಡ್ಡ ಮುಷ್ಕರ ನಡೆಸಿದ ಕಾರ್ಮಿಕ ನಾಯಕ ಇನ್ನೊಂದು ಕಡೆ. ಕೂಲಿಕಾರರೇ ತುಂಬಿದ್ದ ಮಲೆನಾಡಿನ ಸೀಮೆ ಇಂದಿರಮ್ಮನ ಕೈ ಹಿಡಿಯಿತು. ಅಂದರೆ ಯೂನಿಯನ್ ರಸೀದಿಯೇ ಬೇರೆ, ಓಟೇ ಬೇರೆ ಅನ್ನೋದು ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರು ನಾಯಕರು ಮಾತ್ರ.

ಇದಕ್ಕೆ ನನ್ನ ಹತ್ತಿರ ಒಂದು ಸಣ್ಣ ಸಾಕ್ಷಿ ಇದೆ. ನಮ್ಮ ಕ್ವಾರ್ಟರ್ಸಿನ ಹಿಂದಿನ ಲೈನಿನಲ್ಲಿ ಒಬ್ಬ ಅಜ್ಜಿ ಇದ್ದರು. ಘಟ್ಟದ ಕೆಳಗಿನವರು, ಮದುವೆಯಾಗಿ ಬಂದವರು. ಅವರ ತಗಡಿನ ಪೆಟ್ಟಿಗೆಯಲ್ಲಿ ಎಐಟಿಯುಸಿ ಸಂಘದ್ದೊಂದು, ಇಂಟಕ್ ಸಂಘದ್ದೊಂದು, ಎರಡೂ ಚಂದಾ ರಸೀದಿ ಜೋಪಾನವಾಗಿದ್ದವು. "ಇದೇನಜ್ಜಿ, ಎರಡು ದೋಣಿ ಮೇಲೆ ಕಾಲು?" ಅಂದೆ. "ದೋಣಿ ಅಲ್ಲ ಮಗಾ, ಎರಡು ಛತ್ರಿ. ಒಂದು ಹರಿದ್ರೆ ಇನ್ನೊಂದು" ಅಂದರು. ದಿಲ್ಲಿಯಲ್ಲಿ ಒಕ್ಕೂಟಗಳ ಸದಸ್ಯರ ಲೆಕ್ಕ ಹಾಕಿದಾಗ ಇಂಥ ಅಜ್ಜಿಯರು ಎಷ್ಟು ಸಲ ಎಣಿಕೆಗೆ ಬಿದ್ದರೋ! ಸರ್ಕಾರ 2002ನ್ನು ಆಧಾರವಾಗಿಟ್ಟು ಪರಿಶೀಲಿಸಿದ ಲೆಕ್ಕದಲ್ಲಿ ಬಿಎಂಎಸ್‌ಗೆ ಸುಮಾರು 62 ಲಕ್ಷ, ಇಂಟಕ್ಕಿಗೆ 39 ಲಕ್ಷ, ಎಐಟಿಯುಸಿಗೆ 34 ಲಕ್ಷ, ಸಿಐಟಿಯುಗೆ 26 ಲಕ್ಷ ಸದಸ್ಯರು. ಮೊದಲು ಹುಟ್ಟಿದವರನ್ನು ಮೂವತ್ತೈದು ವರ್ಷ ಕಿರಿಯರು ದಾಟಿ ಹೋಗಿದ್ದರು.

ಈ ಲೆಕ್ಕ ನಡೆಯುವಾಗ ತೋಟದಲ್ಲಿ ಬೇರೆಯದೇ ಲೆಕ್ಕ ನಡೀತಿತ್ತು. ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ತಿ ಹೋಯಿತು. ಮೊದಲು ಒಳ್ಳೆ ಬೆಲೆ ಸಿಕ್ಕಿ ಎಲ್ಲರೂ ಜೀಪು ತಗೊಂಡರು. ಆಮೇಲೆ 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿತ್ತು. ಮೂವತ್ತು ವರ್ಷದಲ್ಲಿ ಅಷ್ಟು ಬಿದ್ದಿರಲಿಲ್ಲ. ತೋಟಗಳಲ್ಲಿ ಖಾಯಂ ಆಳುಗಳು ನಿವೃತ್ತರಾದ ಜಾಗಕ್ಕೆ ಹೊಸಬರನ್ನು ತಗೊಳ್ಳೋದು ಕಡಿಮೆಯಾಯಿತು. ಹಣ್ಣು ಕುಯ್ಯೋಕೆ ಕಂಟ್ರಾಕ್ಟು ಬಂತು. ಲೈನ್ ಮನೆ ಮಕ್ಕಳು ಬೆಂಗಳೂರು ಬಸ್ಸು ಹತ್ತಿದರು (ನಾನೂ ಅದೇ ಬಸ್ಸು). ಖಾಲಿಯಾದ ಲೈನುಗಳಿಗೆ ಅಸ್ಸಾಂ, ಬಂಗಾಳ, ಒಡಿಶಾದಿಂದ ಜನ ಬಂದರು. ಅವರನ್ನು ಕರ್ಕೊಂಡು ಬರೋನಿಗೆ ಈಗ ಏಜೆಂಟ್ ಅಂತ ಹೆಸರು. ಮುಂಗಡ ಕೊಡ್ತಾನೆ. ಮೇಸ್ತ್ರಿ ಕತೆ ನೆನಪಾಯ್ತಾ? ನಾಲ್ಕು ಬಾವುಟದಲ್ಲಿ ಯಾವುದೂ ಇವರ ಭಾಷೆಯಲ್ಲಿ ಸರಿಯಾಗಿ ಮಾತಾಡಿಲ್ಲ. ಐದು ಹೆಕ್ಟೇರಿಗಿಂತ ಸಣ್ಣ ತೋಟಗಳಿಗೆ 1951ರ ಕಾಯಿದೆಯೇ ತಾಗುತ್ತಿರಲಿಲ್ಲ, ನಮ್ಮ ಕಡೆ ಹೆಚ್ಚಿನ ತೋಟಗಳು ಸಣ್ಣವೇ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಕೂಲಿಯಲ್ಲಿ ಆ ಏರಿಕೆ ಕಾಣಲಿಲ್ಲ. ಬೆಲೆ ಬಿದ್ದಾಗ ನಷ್ಟ ಹಂಚಿದ ಹಾಗೆ, ಏರಿದಾಗ ಲಾಭ ಹಂಚಿ ಅಂತ ಕೂತು ಕೇಳೋ ಬಲ ಯಾರಿಗೂ ಉಳಿದಿರಲಿಲ್ಲ.

ಇದರ ನಡುವೆ ಪಕ್ಕದ ಕೇರಳದಲ್ಲಿ ಒಂದು ಸ್ವಾರಸ್ಯ ನಡೆಯಿತು. 2015ರ ಸೆಪ್ಟೆಂಬರ್, ಮುನ್ನಾರ್. ಟೀ ಕಂಪನಿ ಬೋನಸ್ಸನ್ನು 20ರಿಂದ 10 ಶೇಕಡಾಕ್ಕೆ ಇಳಿಸಿತು. ಟೀ ಎಲೆ ಕೀಳೋ ಸಾವಿರಾರು ತಮಿಳು ಹೆಂಗಸರು ರಸ್ತೆಗೆ ಬಂದು ಕೂತರು. ಎಐಟಿಯುಸಿ, ಇಂಟಕ್, ಸಿಐಟಿಯು ನಾಯಕರು ಬಂದರೆ 'ನೀವು ಬೇಡ, ಹೋಗಿ' ಅಂದರು! ಒಂಬತ್ತು ದಿನದಲ್ಲಿ 20 ಶೇಕಡಾ ವಾಪಸ್ ಪಡೆದರು. 'ಪೆಂಬಿಳೈ ಒರುಮೈ', ಅಂದರೆ ಹೆಂಗಸರ ಒಗ್ಗಟ್ಟು, ಅಂತ ಹೆಸರಾಯಿತು. ಆದರೆ ಅದಾದ ಮೇಲೆ ಅವರೊಳಗೇ ಬಿರುಕು ಬಂತು, ಹಳೆ ಸಂಘಗಳು ಮತ್ತೆ ಬಲ ಪಡೆದವು. ಒಂಬತ್ತು ದಿನದ ಹೋರಾಟಕ್ಕೆ ಸಿಟ್ಟು ಸಾಕು. ಒಂಬತ್ತು ವರ್ಷದ ಪಿಎಫ್ ಕೇಸಿಗೆ ಆಫೀಸು, ವಕೀಲ, ಫೈಲು ಬೇಕು.

ಈಗಿನ ಕತೆ. 2025ರ ಜುಲೈ 9ರ ಸಾರ್ವತ್ರಿಕ ಮುಷ್ಕರದಲ್ಲಿ ಎಐಟಿಯುಸಿ, ಇಂಟಕ್, ಎಚ್‌ಎಂಎಸ್, ಸಿಐಟಿಯು ಒಂದೇ ವೇದಿಕೆಯಲ್ಲಿದ್ದವು. 1947, 48, 70ರಲ್ಲಿ ಬೇರೆಯಾದ ಅಣ್ಣತಮ್ಮಂದಿರು! ಬಿಎಂಎಸ್ ಮಾತ್ರ ಹೊರಗಿತ್ತು. ಆ ವರ್ಷ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1926ರ ಕಾಯಿದೆ, 1951ರ ತೋಟದ ಕಾಯಿದೆ ಎರಡೂ ಅದರೊಳಗೆ ಕರಗಿದವು. ಹೊಸ ನಿಯಮದಲ್ಲಿ ಸಂಘದ ಮಾನ್ಯತೆ ಕೊನೆಗೂ ಬಂದಿದೆ. ಶೇಕಡಾ 51 ಕಾರ್ಮಿಕರ ಬೆಂಬಲ ಇರುವ ಸಂಘವೇ ಮಾತುಕತೆಗೆ ಕೂರುತ್ತೆ. ಯಾರಿಗೂ ಅಷ್ಟಿಲ್ಲದಿದ್ದರೆ 20 ಶೇಕಡಾ ಇರುವವರೆಲ್ಲ ಸೇರಿ ಒಂದು ಮಂಡಳಿ. ಅಂದರೆ ನಾಲ್ಕು ಬಾವುಟ ಬೇರೆ ಬೇರೆ ನಿಂತರೆ ಯಾರಿಗೂ 51 ಆಗಲ್ಲ, ಕೆಲವರಿಗೆ 20 ಕೂಡ ಆಗಲ್ಲ. ಸಂಹಿತೆಯನ್ನು ವಿರೋಧಿಸೋರಿಗೆ ಬೇರೆ ಸಾಕಷ್ಟು ಕಾರಣ ಇರಬಹುದು. ಆದರೆ ಈ ಗಣಿತ ಮಾತ್ರ ಎಲ್ಲ ಬಾವುಟಕ್ಕೂ ಒಂದೇ.

ಇಷ್ಟೆಲ್ಲಾ ನನಗ್ಯಾಕೆ ಅಂತೀರಾ? ಮೊದಲು ಹೇಳಿದ 'ಅತ್ತಲೂ ಅಲ್ಲ ಇತ್ತಲೂ ಅಲ್ಲ' ವಿಷಯಕ್ಕೆ ಬರ್ತೀನಿ. ನಾನು ಕೂಡ ಈಗ ಒಂಥರಾ ರೈಟರೇ. ಟಿಕೆಟ್ಟು, ಟೈಮ್‌ಶೀಟು, ಬೇರೆಯವರಿಗೆ ಲೆಕ್ಕ. ಮ್ಯಾನೇಜರೂ ಅಲ್ಲ, ಕೂಲಿಯೂ ಅಲ್ಲ ಅಂತ ನಮಗೆ ನಾವೇ ಹೇಳ್ಕೋತೀವಿ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡೋ ಪ್ರಸ್ತಾವ ಬಂದಾಗ ನಮ್ಮ ಪರವಾಗಿ ಜೋರಾಗಿ ಕೂಗಿದ್ದು 2017ರಲ್ಲಿ ಶುರುವಾದ ಐಟಿ ನೌಕರರ ಸಂಘ ಕೆಐಟಿಯು. ಅದಕ್ಕೆ ಸಿಐಟಿಯು ನಂಟು. ಆಫೀಸಿನ ಗೆಳೆಯರ ಮಾತು ಒಂದೇ: "ಸೇರಬಹುದಿತ್ತು ಮಾರಾಯ, ಆದ್ರೆ ಅದು ಕೆಂಪು ಬಾವುಟದವರದ್ದು."

ನಾನು ಸೇರಿದ್ದೇನೆ. ಪಕ್ಷಕ್ಕಲ್ಲ, ಸಂಘಕ್ಕೆ. ಎರಡನ್ನೂ ಬೇರೆ ಇಡಬಹುದು ಅನ್ನೋದು ನನ್ನ ಕಂಡುಹಿಡಿತವಲ್ಲ. 1926ರ ಕಾಯಿದೆಯ ಹದಿನಾರನೇ ಕಲಮು ಓದಿ. ಸಂಘ ರಾಜಕೀಯಕ್ಕೆ ಖರ್ಚು ಮಾಡಬೇಕಾದರೆ ಅದಕ್ಕೆ ಬೇರೆಯೇ ನಿಧಿ ಇಡಬೇಕು, ಆ ನಿಧಿಗೆ ದುಡ್ಡು ಕೊಡು ಅಂತ ಯಾವ ಸದಸ್ಯನನ್ನೂ ಒತ್ತಾಯಿಸುವ ಹಾಗಿಲ್ಲ, ಕೊಡದವನಿಗೆ ಯಾವ ಸವಲತ್ತೂ ತಪ್ಪಿಸುವ ಹಾಗಿಲ್ಲ. ನೂರು ವರ್ಷದ ಹಿಂದೆ ಬರೆದ ಈ ಮಾತನ್ನು ಆ ಅಜ್ಜಿ ಓದದೆಯೇ ಪಾಲಿಸಿದ್ದರು. ಬಾವುಟ ಯಾರದ್ದಾದರೂ ಇರಲಿ, ಚಂದಾ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ದಿಲ್ಲಿಯಲ್ಲಿ ನೀವು ಜಗಳ ಆಡಿದರೆ ನಮ್ಮ ಬೋನಸ್ ಯಾಕೆ ಹೋಗಬೇಕು ಅಂತ ಕೇಳುವ ಹಕ್ಕೂ ಇದೆ. ಅದನ್ನು ಕೇಳೋಕೆ ಮೊದಲು ಒಳಗೆ ಇರಬೇಕು.

ಆಲ್ದೂರು, ಮೂಡಿಗೆರೆ, ಕಳಸದ ಕಡೆಯವರು ಇದನ್ನು ಓದಿದ್ದರೆ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಹಳೇ ಯೂನಿಯನ್ ರಸೀದಿ, ಕರಪತ್ರ, ಬೋನಸ್ ಚೀಟಿ ಏನಾದ್ರೂ ಇದ್ದರೆ ಒಲೆಗೆ ಹಾಕಬೇಡಿ. ಸಾಹುಕಾರರ ಚರಿತ್ರೆಗೆ ಬಂಗಲೆಗಳಿವೆ. ಲೈನಿನವರ ಚರಿತ್ರೆ ಇರೋದು ಆ ತಗಡಿನ ಪೆಟ್ಟಿಗೆಗಳಲ್ಲೇ.